ಅಳಿಸಬೇಕಾ ಅಂತ ಅದು ಕೇಳಿತ್ತು

ಮಾಕ್ ಟೆಸ್ಟಿನ ಪ್ರಶ್ನೆ ಹೀಗಿತ್ತು: ‘ನಿಮ್ಮ ಸಂಸ್ಥೆಯ ಉದ್ಯೋಗಿಯೊಬ್ಬರು ಇನ್ನು ಮುಂದೆ ಕೆಲಸಕ್ಕೆ ಬರುವುದಿಲ್ಲ. ಅಡ್ಮಿನಿಸ್ಟ್ರೇಟರ್ ಆಗಿ ನೀವು ಮೊದಲು ಮಾಡಬೇಕಾದ್ದೇನು?’

ನಾಲ್ಕು ಆಯ್ಕೆ. ಮೊದಲನೆಯದೇ ‘ಅವರ ಅಕೌಂಟನ್ನು ಡಿಲೀಟ್ ಮಾಡುವುದು’. ಇದರಲ್ಲಿ ಯೋಚನೆ ಮಾಡೋದೇನಿದೆ? ಟಿಕ್ ಮಾಡಿದೆ.

ಕೆಂಪು ಬಣ್ಣ ಬಂತು. ತಪ್ಪು ಉತ್ತರ.

ಕೆಳಗೆ ವಿವರಣೆ ಇತ್ತು. ಮೊದಲು ಅಕೌಂಟನ್ನು ಸಸ್ಪೆಂಡ್ ಮಾಡಿ. ಅದರೊಳಗಿನ ಫೈಲುಗಳನ್ನು ಇನ್ನೊಬ್ಬರ ಹೆಸರಿಗೆ ವರ್ಗಾಯಿಸಿ. ಆಮೇಲೆ ಬೇಕಾದರೆ ಡಿಲೀಟ್ ಮಾಡಿ. ಡಿಲೀಟ್ ಆದ ಮೇಲೂ ಇಪ್ಪತ್ತು ದಿನದೊಳಗೆ ವಾಪಸ್ ತರಬಹುದು. ಅದು ದಾಟಿದರೆ ಯಾರಿಂದಲೂ ಆಗದು.

ಮಧ್ಯಾಹ್ನದ ಊಟದ ಹೊತ್ತು. ಕಾಲೇಜಿನ ಲ್ಯಾಬಿನಲ್ಲಿ ನಾನೊಬ್ಬಳೇ. ಡಬ್ಬಿಯಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ಮುಚ್ಚಿಟ್ಟೆ. ಯಾಕೆಂದರೆ ಆ ಪ್ರಶ್ನೆಯಲ್ಲಿದ್ದ ಉದ್ಯೋಗಿ ನನಗೆ ಗೊತ್ತಿದ್ದರು. ಅವರ ಹೆಸರಿನ ಮುಂದಿನ ಡಿಲೀಟ್ ಬಟನ್ ಒತ್ತಿದ್ದು ನಾನೇ.

ಮೊದಲು ನನ್ನ ವಿಷಯ ಹೇಳಿಬಿಡ್ತೀನಿ. ಚಳ್ಳಕೆರೆಯ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಪಾಠ ಮಾಡೋದು ಈ ಅಂಕಣ ಓದುವವರಿಗೆ ಗೊತ್ತೇ ಇದೆ. ಮೂರು ವರ್ಷದಿಂದ ಅಲ್ಲಿನ ‘ಅಡ್ಮಿನ್’ ಕೂಡ ನಾನೇ. ಕಾಲೇಜಿನ ಮೇಲ್, ಫೈಲು, ಮೀಟಿಂಗು, ಹಾಜರಿ ಶೀಟು ಎಲ್ಲ ಈಗ ಕ್ಲೌಡಿನಲ್ಲಿವೆ. ಅಂದರೆ ನಮ್ಮ ಕಟ್ಟಡದಲ್ಲಿಲ್ಲ, ಎಲ್ಲೋ ದೂರದ ಯಾವುದೋ ಕಂಪನಿಯ ಯಂತ್ರಗಳಲ್ಲಿವೆ. ಅದರ ಬೀಗದ ಕೈ ನನ್ನ ಹತ್ತಿರ. ಹೊಸಬರಿಗೆ ಅಕೌಂಟ್ ಕೊಡೋದು, ಹೋದವರದ್ದು ತೆಗೆಯೋದು, ಪಾಸ್‌ವರ್ಡ್ ಮರೆತ ಮೇಷ್ಟ್ರಿಗೆ ಇನ್ನೊಂದು ಹಾಕಿಕೊಡೋದು, ಎಲ್ಲ ನಾನೇ.

ಆ ಬೀಗದ ಕೈ ನನಗ್ಯಾಕೆ ಕೊಟ್ಟರು? ಸ್ಟಾಫ್ ರೂಮಿನ ಪ್ರಿಂಟರ್ ಕೆಟ್ಟಾಗ ಸರಿ ಮಾಡಿದ್ದೆ, ಅದಕ್ಕೆ. (ನಗಬೇಡಿ. ನಿಮ್ಮ ಆಫೀಸಿನಲ್ಲೂ ಜವಾಬ್ದಾರಿ ಹೀಗೇ ಹಂಚಿರ್ತಾರೆ, ವಿಚಾರಿಸಿ ನೋಡಿ.)

ಈ ವರ್ಷ ಪ್ರಿನ್ಸಿಪಾಲರು ಕರೆದರು. ‘ಮೇಡಂ, ಇನ್‌ಸ್ಪೆಕ್ಷನ್ನಿಗೆ ಬಂದವರು ಸರ್ಟಿಫೈಡ್ ಅಡ್ಮಿನ್ ಇದಾರಾ ಅಂತ ಕೇಳ್ತಾರೆ. ನೀವು ಆ ಪರೀಕ್ಷೆ ಒಂದು ಕಟ್ಟಿಬಿಡಿ.’

ಕಟ್ಟಿದೆ. ನಲವತ್ತೇಳನೇ ವಯಸ್ಸಿನಲ್ಲಿ. ಬೆಳಗ್ಗೆ ಸೊಪ್ಪು ಸೋಸ್ತಾ ವಿಡಿಯೋ ಪಾಠ ಕೇಳಿದೆ. ಹುಡುಗರಿಗೆ ಟೆಸ್ಟ್ ಕೊಟ್ಟು, ಅವರು ಬರೀವಾಗ ನಾನೂ ನನ್ನ ಮಾಕ್ ಟೆಸ್ಟ್ ಬರೆದೆ. ಗೊತ್ತಿದ್ದ ಪದಗಳಿಗೆ ಹೊಸ ಅರ್ಥ ಕಲಿತೆ. ನಮ್ಮಲ್ಲಿ ಸಸ್ಪೆಂಡ್ ಅಂದರೆ ಶಿಕ್ಷೆ ತಾನೆ? ಅಲ್ಲಿ ಸಸ್ಪೆಂಡ್ ಅಂದರೆ ಕಾಪಾಡೋದು. ಬಾಗಿಲು ಮಾತ್ರ ಹಾಕುತ್ತೆ, ಒಳಗಿನದ್ದು ಇದ್ದಲ್ಲೇ ಇರುತ್ತೆ. ಇಷ್ಟು ಚಿಕ್ಕ ವಿಷಯ. ಮೂರು ವರ್ಷ ಅದೇ ಕೆಲಸ ಮಾಡಿದ್ದೀನಿ, ಇದು ಗೊತ್ತಿರಲಿಲ್ಲ.

ಈಗ ನಾಗಭೂಷಣ ಅವರ ವಿಷಯ.

ನಮ್ಮ ಲೈಬ್ರರಿಯನ್. ಮೊಳಕಾಲ್ಮೂರಿನ ನೇಕಾರರ ಮನೆಯವರು, ಮನೆಮಾತು ತೆಲುಗು. ಮದುವೆ ಆಗಿರಲಿಲ್ಲ, ಅಕ್ಕನ ಮನೆಯಲ್ಲೇ ಇದ್ದರು. ದಿನಾ ಬಸ್ಸಿನಲ್ಲಿ ಬಂದು ಹೋಗೋರು. ಜಾಸ್ತಿ ಮಾತಿಲ್ಲ. ಹೋದ ವರ್ಷ ಒಂದು ದಿನ ಬಟ್ಟೆಯಲ್ಲಿ ಸುತ್ತಿದ ಗಂಟು ಹಿಡ್ಕೊಂಡು ಲ್ಯಾಬಿಗೆ ಬಂದರು.

‘ಮೇಡಂ, ಇವನ್ನ ಸ್ಕ್ಯಾನ್ ಮಾಡ್ಕೊಬಹುದಾ? ನಮ್ಮಪ್ಪ ಬರೆದಿದ್ದು.’

ಗ್ರಾಫ್ ಹಾಳೆಗಳು. ರೇಷ್ಮೆ ಸೀರೆಯ ಅಂಚಿಗೆ, ಸೆರಗಿಗೆ ಬೇಕಾದ ಚಿತ್ರಗಳು. ಒಂದು ಚೌಕ ಅಂದರೆ ಒಂದು ಎಳೆ. ಗಿಳಿ, ಹಂಸ, ಮಾವಿನಕಾಯಿ, ಗೋಪುರ. ಪೆನ್ಸಿಲಿನಲ್ಲಿ ಒಂದೊಂದೇ ತುಂಬಿದ ಸಾವಿರಾರು ಚೌಕಗಳು. ಬದಿಯಲ್ಲೆಲ್ಲ ಹುಳ ತಿಂದಿತ್ತು. ಒಂದು ವಾರ ಊಟದ ಹೊತ್ತಿನಲ್ಲಿ ಕೂತು ನಲವತ್ತಕ್ಕೂ ಹೆಚ್ಚು ಹಾಳೆ ಸ್ಕ್ಯಾನ್ ಮಾಡಿದರು. ಹಾಳೆಗೆ ನೋವಾಗುತ್ತೇನೋ ಅನ್ನೋ ಹಾಗೆ ಮುಚ್ಚಳ ಮುಚ್ಚೋರು.

‘ಇವನ್ನ ಎಲ್ಲಿಡ್ಲಿ ಮೇಡಂ?’

‘ನಿಮ್ಮ ಕಾಲೇಜ್ ಅಕೌಂಟಿನಲ್ಲೇ ಇಡಿ ಸರ್. ಪೆನ್‌ಡ್ರೈವ್ ಕಳೆದುಹೋಗುತ್ತೆ, ಮೊಬೈಲ್ ಕೆಡುತ್ತೆ. ಇದು ಎಲ್ಲೂ ಹೋಗಲ್ಲ.’

ಹಾಗಂದಿದ್ದು ನಾನೇ.

ಈಚೆಗೆ ಒಂದು ಭಾನುವಾರ ಬೆಳಗ್ಗೆ ಅವರು ಎದೆ ಹಿಡ್ಕೊಂಡು ಕೂತರಂತೆ. ಮತ್ತೆ ಏಳಲಿಲ್ಲ. ಕಾಲೇಜಿನಲ್ಲಿ ಸಂತಾಪ ಸಭೆ ಆಯ್ತು. ಎರಡು ನಿಮಿಷ ಮೌನ. ವಾಟ್ಸಾಪ್ ಗ್ರೂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು.

ಹತ್ತು ದಿನಕ್ಕೆ ಹೊಸ ಲೈಬ್ರರಿಯನ್ ಬಂದರು. ಅವರಿಗೊಂದು ಅಕೌಂಟ್ ಬೇಕು. ನಮಗೆ ಇಷ್ಟೇ ಅಕೌಂಟು ಅಂತ ಮಿತಿ ಇದೆ, ಅದು ಭರ್ತಿ. ‘ಒಂದು ಖಾಲಿ ಮಾಡಿ ಮೇಡಂ’ ಅಂದರು ಆಫೀಸಿನವರು. ಪಟ್ಟಿ ತೆಗೆದೆ. ನಾಗಭೂಷಣ ಅವರ ಹೆಸರು, ಪಕ್ಕದಲ್ಲಿ ಗುಂಡಗಿನ ಪುಟ್ಟ ಫೋಟೋ. ಒತ್ತಿದೆ.

ಸಾಫ್ಟ್‌ವೇರ್ ಸುಮ್ಮನೆ ಅಳಿಸಲಿಲ್ಲ. ಇವರ ಫೈಲುಗಳನ್ನು ಯಾರಿಗಾದರೂ ವರ್ಗಾಯಿಸಬೇಕಾ ಅಂತ ಕೇಳಿತು. ಬೇಡ ಅಂತ ಒತ್ತಿದೆ. ಖಂಡಿತವಾಗಿ ಅಳಿಸಬೇಕಾ? ಹೌದು. ಒಂದು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಎರಡನೇ ವರ್ಷದ ಕ್ಲಾಸಿತ್ತು, ಹೋದೆ.

ಆ ಹಾಳೆಗಳು ನೆನಪಾಗಲಿಲ್ಲವಾ? ಅಂತ ನೀವು ಕೇಳಬಹುದು. ನೆನಪಾಗಲಿಲ್ಲ ಅಂತ ಪ್ರಿನ್ಸಿಪಾಲರಿಗೆ ಹೇಳಿದ್ದೀನಿ. ನಿಮ್ಮ ಹತ್ತಿರ ನಿಜ ಹೇಳ್ತೀನಿ. ನೆನಪು ಮಾಡಿಕೊಳ್ಳೋಕೆ ನಾನು ನಿಲ್ಲಲೇ ಇಲ್ಲ. ಹಿಂದೆ ಹಾಜರಿ ಪುಸ್ತಕದಲ್ಲಿ ತೀರಿಹೋದವರ ಹೆಸರಿನ ಮೇಲೆ ಕೆಂಪು ಗೀಟು ಎಳೀತಿದ್ದರು. ಗೀಟಿನ ಕೆಳಗೆ ಹೆಸರು ಆಮೇಲೂ ಓದೋಕೆ ಬರ್ತಿತ್ತು. ನಾನು ಗೀಟು ಎಳೀಲಿಲ್ಲ. ಹಾಳೆಯನ್ನೇ ಹರಿದೆ.

ಆ ಮಧ್ಯಾಹ್ನ ಲ್ಯಾಬಿನಲ್ಲಿ ಕ್ಯಾಲೆಂಡರ್ ಹಿಡಿದು ಎಣಿಸಿದೆ. ಅಳಿಸಿ ಇಪ್ಪತ್ತೊಂಬತ್ತು ದಿನ ಆಗಿತ್ತು. ಒಂಬತ್ತು ದಿನ ತಡ. ಆ ಪಾಠವನ್ನು ಎರಡು ವಾರ ಮೊದಲು ಓದಿದ್ದರೆ ಸಾಕಿತ್ತು. ಆದರೆ ನಾನು ಅದನ್ನು ಹಿಂದಕ್ಕೆ ಹಾಕಿದ್ದೆ. ‘ಯೂಸರ್ ಡಿಲೀಟ್ ಮಾಡೋದು’ ನನಗೆ ಬರುವ ಪಾಠ ಅಂದುಕೊಂಡಿದ್ದೆ!

ಕಂಪನಿಯ ಸಹಾಯ ವಿಭಾಗಕ್ಕೆ ಬರೆದೆ. ಬಹಳ ಮರ್ಯಾದೆಯಿಂದ ಉತ್ತರ ಬಂತು. ನಿಮ್ಮ ಕಷ್ಟ ಅರ್ಥವಾಗುತ್ತೆ, ಆದರೆ ಆಗಲ್ಲ. ಇನ್ನೊಂದು ಸಲ ಬರೆದೆ. ಅದೇ ಮರ್ಯಾದೆ, ಅದೇ ಉತ್ತರ.

ಪ್ರಿನ್ಸಿಪಾಲರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

‘ಆ ಮನೆಯವರು ಯಾರಾದ್ರೂ ಬಂದು ಕೇಳಿದಾರಾ?’

‘ಇಲ್ಲ ಸರ್.’

‘ಮತ್ತೇನು? ಬಿಡಿ. ಪರೀಕ್ಷೆ ಕಡೆ ಗಮನ ಕೊಡಿ.’

ಕೆಟ್ಟ ಮನುಷ್ಯರಲ್ಲ ಅವರು. ನನ್ನನ್ನು ಉಳಿಸೋಕೇ ಹಾಗಂದರು. ಎರಡು ದಿನ ನಾನೂ ಹಾಗೇ ಅಂದುಕೊಂಡೆ. ಯಾರೂ ಕೇಳಿಲ್ಲ. ಯಾರಿಗೂ ಗೊತ್ತಿಲ್ಲ. ಪುಸ್ತಕ ತೆಗೆದರೆ ಮಾತ್ರ ಅಕ್ಷರ ಒಳಗೆ ಇಳೀತಿರಲಿಲ್ಲ. ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಮನೆ ಕಡೆ ಹೋಗಲಿಲ್ಲ. ಮೊಳಕಾಲ್ಮೂರಿನ ಬಸ್ ಹತ್ತಿದೆ.

ದಾರಿಯುದ್ದಕ್ಕೂ ಹೇಗೆ ಹೇಳೋದು ಅಂತ ಜೋಡಿಸಿಕೊಂಡೆ. ‘ತಾಂತ್ರಿಕ ತೊಂದರೆ ಆಯ್ತು’ ಅನ್ನಬಹುದಿತ್ತು. ತಳಕು ಊರು ದಾಟುವವರೆಗೂ ಅದೇ ವಾಕ್ಯ ಬಾಯಲ್ಲಿತ್ತು.

ನಾಗಭೂಷಣ ಅವರ ಅಕ್ಕನ ಹೆಸರು ಅಂಜಿನಮ್ಮ. ಅರವತ್ತು ದಾಟಿದ ಗಟ್ಟಿ ಹೆಂಗಸು. ನಡುಮನೆಯಲ್ಲಿ ಎರಡು ಮಗ್ಗ. ಒಂದರಲ್ಲಿ ಸೊಸೆ ನೇಯ್ತಿದ್ದಳು. ಇನ್ನೊಂದರಲ್ಲಿ ಹಾಸು, ಅಂದರೆ ಉದ್ದದ ಎಳೆಗಳು, ಹೂಡಿತ್ತು, ನೇಯ್ಗೆ ಶುರುವಾಗಿರಲಿಲ್ಲ.

ನಾಗಭೂಷಣ ಸರ್ ಕಾಲೇಜಿನವಳು ಅಂದೆ. ‘ಬರ್ರಿ ಮೇಡಮ್ಮಾ, ಕೂಕಳ್ರಿ’ ಅಂದರು. ‘ನೀಳ್ಳು ತೇವೇ’ ಅಂತ ಸೊಸೆಗೆ ಕೂಗಿದರು. ಅವಳು ನೀರು ತಂದಿಟ್ಟು ಮತ್ತೆ ಮಗ್ಗಕ್ಕೆ ಹೋದಳು.

ನಾನು ಚೊಂಬು ಕೆಳಗಿಡುವ ಮುಂಚೆಯೇ ಅಂಜಿನಮ್ಮ ಕೇಳಿದರು. ‘ತಂದಿದೀರಾ?’

‘ಏನು ಅಕ್ಕಾ?’

‘ಅಪ್ಪನ ಹಾಳೆ. ನಾನೇ ನಿಮ್ಮ ಕಾಲೇಜಿಗೆ ಬರೋಣ ಅಂತಿದ್ದೆ. ನೀವೇ ಬಂದ್ರಿ, ಒಳ್ಳೇದಾತು. ನೋಡ್ರಿ, ಹಾಸು ಹಾಕಿ ಕೂತಿದೀನಿ. ಆ ಹಂಸದ ಅಂಚು ತೆಗೀಬೇಕು. ತಮ್ಮನ ವರ್ಷದ ತಿಥಿ ಹೊತ್ತಿಗೆ ಒಂದು ಸೀರೆ ಆಗ್ಲಿ ಅಂತ.’

‘ಮೊದಲಿನ ಹಾಳೆ ಮನೇಲಿ ಇಲ್ವಾ?’

‘ಅವಕ್ಕೆ ಹುಳ ಬಿದ್ದಿತ್ತಲ್ಲ. ಕಾಲೇಜಿನಾಗೆ ಭದ್ರವಾಗಿ ಐತೆ ಅಕ್ಕಾ ಅಂದ ನಮ್ಮ ತಮ್ಮ. ಯುಗಾದಿಗೆ ಮನೆ ಸುಣ್ಣ ಬಳಿಯುವಾಗ ನೀರೊಲೆಗೆ ಹಾಕ್ದೆ.’

ಜೋಡಿಸಿಕೊಂಡು ಬಂದ ವಾಕ್ಯ ಹೊರಗೆ ಬರಲಿಲ್ಲ.

‘ಅವು ಹೋಗಿಬಿಟ್ಟವು ಅಕ್ಕಾ.’

‘ಎಲ್ಲಿಗೆ?’

‘ಅಳಿಸಿಹೋದವು.’

‘ಯಾರು ಅಳಿಸಿದ್ದು?’

‘ನಾನೇ.’

ಸೊಸೆಯ ಮಗ್ಗದ ಸದ್ದು ನಿಂತಿತು.  ಅಂಜಿನಮ್ಮ ಬಯ್ಯಲಿ ಅಂತ ಕಾದೆ. ಬಯ್ಯಲಿಲ್ಲ.

‘ಅಳಿಸೋಕೆ ಮುಂಚೆ ಅದು ಕೇಳಲ್ವಾ? ನಮ್ಮ ಫೋನ್ ಕೇಳ್ತೈತಲ್ಲ.’

‘ಕೇಳ್ತು.’

‘ನೀವೇನಂದ್ರಿ?’

‘ಹೂಂ ಅಂದೆ.’

ಅವರು ಎದ್ದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಳ್ಳಲಾ ಅಂತ ಯೋಚಿಸ್ತಿದ್ದೆ. ಸೊಸೆ ನನ್ನ ಕಡೆ ತಿರುಗಲಿಲ್ಲ. ಮತ್ತೆ ನೇಯೋಕೆ ಶುರು ಮಾಡಿದ್ದಳು.

ಅಂಜಿನಮ್ಮ ವಾಪಸ್ ಬಂದಾಗ ಕೈಯಲ್ಲಿ ಒಂದು ಹಳೇ ಸೀರೆ. ಬದನೆಕಾಯಿ ಬಣ್ಣದ್ದು, ಮಡಿಕೆಯಲ್ಲೆಲ್ಲ ಹರಿದಿತ್ತು. ಅಂಚಿನಲ್ಲಿ ಗಿಳಿಗಳ ಸಾಲು.

‘ನಮ್ಮವ್ವನದು. ಅಪ್ಪನ ಹಾಳೆ ನೋಡಿ ನೇಯ್ದಿದ್ದು, ಇದೊಂದೇ ಉಳಿದೈತೆ. ನನ್ನ ಕಣ್ಣು ಮಂಜು. ಇವಳು ಮಗ್ಗ ಬಿಟ್ಟು ಏಳೋ ಹಂಗಿಲ್ಲ. ನೀವು ಎಣಿಸ್ರಿ.’

ಅದು ಕೇಳಿಕೊಂಡ ದನಿ ಅಲ್ಲ. ಹೇಳಿದ ದನಿ.

ಸೀರೆಯನ್ನು ಬಾಗಿಲ ಬೆಳಕಿಗೆ ಹರಡಿದರು. ಕೈಗೊಂದು ಭೂತಗನ್ನಡಿ ಕೊಟ್ಟರು, ಮುಂದೆ ಒಂದು ಹೊಸ ಗ್ರಾಫ್ ಪುಸ್ತಕ ಇಟ್ಟರು. ನಾನು ಎಳೆ ಎಣಿಸಿ ಚೌಕ ತುಂಬಬೇಕು. ಅವರು ಅಂಚಿನ ಮೇಲೆ ಬೆರಳಾಡಿಸ್ತಾ ತೆಲುಗಿನಲ್ಲಿ ತಾವೂ ಎಣಿಸೋರು.

‘ಹದಿನೇಳು’ ಅಂದೆ.

‘ಅಲ್ಲ, ಹದಿನೆಂಟು. ಕೊಕ್ಕಿನ ಹತ್ರ ಒಂದು ಎಳೆ ಜಾಸ್ತಿ ಬಿಡ್ತಿದ್ದ ನಮ್ಮಪ್ಪ. ಇಲ್ಲಾಂದ್ರೆ ಅದು ಗಿಳಿ ಅಲ್ಲ, ಕಾಗೆ.’

ಮತ್ತೆ ಎಣಿಸಿದೆ. ಹದಿನೆಂಟೇ.

ಸಂಜೆ ಬಸ್ಸಿನ ಹೊತ್ತಿಗೆ ಅರ್ಧ ಗಿಳಿ ಆಗಿತ್ತು. ತಲೆ, ಕೊಕ್ಕು, ಕತ್ತಿನ ಗೆರೆ. ರೆಕ್ಕೆ ಇಲ್ಲ. ನನ್ನ ಕಣ್ಣಿನಿಂದ ನೀರು ಸುರೀತಿತ್ತು. ಅಳು ಅಂತ ಅಂದುಕೊಳ್ಳಬೇಡಿ, ಅಷ್ಟು ಹೊತ್ತು ಎಳೆ ನೋಡಿದರೆ ಯಾರಿಗಾದರೂ ಬರುತ್ತೆ. (ಸ್ವಲ್ಪ ಅಳುವೂ ಇತ್ತು.) ನಲವತ್ತರಲ್ಲಿ ಒಂದು ಚಿತ್ರ, ಅದೂ ಅರ್ಧ. ಹಂಸ ಯಾವ ಸೀರೆಯಲ್ಲೂ ಉಳಿದಿಲ್ಲ. ಅಂಜಿನಮ್ಮನಿಗೆ ಅದರ ಕುತ್ತಿಗೆ ನೆನಪಿದೆ, ಕಾಲು ನೆನಪಿಲ್ಲ. ಆ ಹಾಸು ಹಾಗೇ ಕಾಯ್ತಿದೆ.

ಹೊರಡುವಾಗ ‘ಆಯ್ತು ಬಿಡ್ರಿ’ ಅಂತಾರೇನೋ ಅಂದುಕೊಂಡೆ. ಅನ್ನಲಿಲ್ಲ. ‘ಶನಿವಾರ ಬರ್ರಿ’ ಅಂದರು, ಅಷ್ಟೇ.

ಮುಂದಿನ ಶನಿವಾರ ಹೋದೆ, ರೆಕ್ಕೆ ಶುರುವಾಯ್ತು. ಅದರ ಮುಂದಿನ ಶನಿವಾರ ಪರೀಕ್ಷೆ. ಬರೆದೆ. ಪಾಸಾದೆ. ಪರದೆಯ ಮೇಲೆ ಅಭಿನಂದನೆ ಬಂತು. ಪ್ರಿನ್ಸಿಪಾಲರು ನನ್ನ ಸರ್ಟಿಫಿಕೇಟನ್ನು ಗ್ರೂಪಿಗೆ ಹಾಕಿದರು. ಚಪ್ಪಾಳೆಯ ಚಿತ್ರಗಳು ಸಾಲಾಗಿ ಬಂದವು. ‘ಪಾರ್ಟಿ ಯಾವಾಗ ಮೇಡಂ?’ ಅಂತ ಹೊಸ ಲೈಬ್ರರಿಯನ್ ಬರೆದರು. ಪಾಪ, ಅವರಿಗೇನು ಗೊತ್ತು, ಅವರ ಅಕೌಂಟ್ ಎಲ್ಲಿಂದ ಬಂತು ಅಂತ?

ಇಂಥ ಸರ್ಟಿಫಿಕೇಟ್ ಕೈಯಲ್ಲಿದ್ದರೆ ಖುಷಿಯಾಗಬೇಕು ಅಲ್ವಾ? ಪ್ರಿಂಟ್ ತೆಗೆದು ನೋಡಿದೆ. ನನ್ನ ಹೆಸರು ದೊಡ್ಡದಾಗಿತ್ತು. ಡ್ರಾಯರಿಗೆ ಹಾಕಿ ಮುಚ್ಚಿದೆ.

ಮೊನ್ನೆ ಶನಿವಾರ ಮತ್ತೆ ಮೊಳಕಾಲ್ಮೂರಿಗೆ ಹೋದಾಗ ಅಂಜಿನಮ್ಮ ಸೀರೆ ಬಿಚ್ಚುತ್ತಲೇ ಕೇಳಿದರು.

‘ಹೋದ ವಾರ ಯಾಕೆ ಬರ್ಲಿಲ್ಲ?’

‘ಪರೀಕ್ಷೆ ಇತ್ತು ಅಕ್ಕಾ.’

‘ಈ ವಯಸ್ಸಿನಾಗೆ ಯಾತರ ಪರೀಕ್ಷೆ?’

‘ಕಾಲೇಜಿನವರು ಇಟ್ಟಿದ್ದರ ಬೀಗದ ಕೈ ನನ್ನ ಹತ್ರ ಇದೆಯಲ್ಲ, ಅದನ್ನೆಲ್ಲ ಹೆಂಗೆ ಕಾಯ್ಬೇಕು ಅಂತ.’

‘ಪಾಸಾದ್ರಾ?’

‘ಆದೆ.’

ಅವರು ಗ್ರಾಫ್ ಪುಸ್ತಕ ನನ್ನ ಕಡೆ ತಳ್ಳಿದರು. ಪೆನ್ಸಿಲಿನ ಮೊನೆ ಬೆರಳಿನಿಂದ ಮುಟ್ಟಿ ನೋಡಿ ಕೈಗೆ ಕೊಟ್ಟರು. ದನಿಯಲ್ಲಿ ಕೋಪ ಇರಲಿಲ್ಲ. ನಿಜವಾಗಲೂ ತಿಳೀಬೇಕು ಅನ್ನೋ ಹಾಗೆ ಕೇಳಿದರು:

‘ಬೀಗದ ಕೈ ಕೊಡೋಕೆ ಮುಂಚೆ ಇಡ್ಬಾರ್ದಿತ್ತಾ ಮೇಡಮ್ಮಾ, ಆ ಪರೀಕ್ಷೆನ?’