ಸೋಡಾ ನೀರಿಗೆ ಹಾಕಿದ ಬಾವುಟ

ನಾನು ಚಿಕ್ಕವನಿದ್ದಾಗ ದೆಹಲಿಯಲ್ಲಿ ನಮಗಿದ್ದದ್ದು ಒಂದೇ ಕೋಣೆ. ಅದೂ ತಾರಸಿಯ ಮೂಲೆಯಲ್ಲಿ. ಬೇಸಿಗೆಯಲ್ಲಿ ದೋಸೆ ಕಾವಲಿಯಂತೆ ಕಾಯುತ್ತಿತ್ತು. ಅಪ್ಪ ಕೆಳಗಿನ ಬೀದಿಯ ಹೋಟೆಲಿನಲ್ಲಿ ಬಡಿಸುವ ಕೆಲಸದಲ್ಲಿದ್ದರು. ಬೆಳಗ್ಗೆ ಹೋದವರು ಊಟದ ಗದ್ದಲ ಮುಗಿದ ಮೇಲೆ ಒಂದು ತಾಸು ಮನೆಗೆ ಬರುತ್ತಿದ್ದರು, ಮೈತುಂಬ ಸಾಂಬಾರಿನ ವಾಸನೆ ಹೊತ್ತು. ಅಮ್ಮ ಹಿಂದಿನ ಚಳಿಗಾಲದಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಮನೆ ನೋಡಿಕೊಳ್ಳುತ್ತಿದ್ದವಳು ಹದಿಮೂರು ವರ್ಷದ ಅಕ್ಕ. ನನಗೆ ಎಂಟು.

ನಮ್ಮ ಟ್ರಂಕಿನಲ್ಲಿ ಅಮ್ಮನ ಸೀರೆಗಳ ಮೇಲೆ ಒಂದು ಖಾದಿ ಬಾವುಟ ಇತ್ತು. ಅಮ್ಮ ತಕಲಿಯಲ್ಲಿ ನೂಲು ತೆಗೆದು, ಆ ಲಡಿಗಳನ್ನು ಖಾದಿ ಅಂಗಡಿಗೆ ಕೊಟ್ಟು, ಬದಲಿಗೆ ಪಡೆದ ಬಾವುಟ. ಅದರ ಪ್ರತಿ ಎಳೆಯೂ ಅಮ್ಮನ ಕೈಯದೇ ಎಂದು ನಾನು ನಂಬಿದ್ದೆ. ಆಗೆಲ್ಲ ಮನೆಯ ಮೇಲೆ ಬಾವುಟ ಹಾರಿಸಲು ವರ್ಷಕ್ಕೆ ಕೆಲವೇ ದಿನ ಅವಕಾಶ. ಅಂಥ ದಿನ ಅಪ್ಪ ಕತ್ತಲಿರುವಾಗಲೇ ಸ್ನಾನ ಮಾಡಿ, ಸೂರ್ಯ ಮೂಡಿದ ಕೂಡಲೇ ಬಿದಿರಿನ ಗಳಕ್ಕೆ ಅದನ್ನು ಏರಿಸುತ್ತಿದ್ದರು. ಕೇಸರಿ ಮೇಲೆ ಇರಬೇಕು, ತುದಿ ನೆಲಕ್ಕೆ ತಾಗಬಾರದು. ಸಂಜೆ ಮಾಲೀಕರ ಹತ್ತಿರ ಗೋಗರೆದು ಓಡಿ ಬಂದು, ಸೂರ್ಯ ಮುಳುಗುವ ಮೊದಲು ಇಳಿಸಿ ಮಡಿಚುತ್ತಿದ್ದರು. ಅಮ್ಮ ಹೋದ ಮೇಲೆ ಅಪ್ಪನ ಮುಖ ಸ್ವಲ್ಪ ಅರಳಿದ್ದು ಆ ಮಡಿಚುವ ಹೊತ್ತಿನಲ್ಲಿ ಮಾತ್ರ.

ಆ ವರ್ಷ ಆಗಸ್ಟ್ ಹದಿನಾಲ್ಕರಂದು ಟ್ರಂಕು ತೆರೆದು ನೋಡಿದೆ. ಟ್ರಂಕಿನೊಳಗೂ ಸೇರುತ್ತಿದ್ದ ಅಂಗೀಠಿ ಒಲೆಯ ಕಲ್ಲಿದ್ದಲ ಹೊಗೆಗೆ ಬಾವುಟದ ಬಿಳಿ ಪಟ್ಟಿ ಬೂದಿಬಣ್ಣಕ್ಕೆ ತಿರುಗಿತ್ತು. ನನ್ನ ತಲೆ ಬಹಳ ಚುರುಕಾಗಿ ಓಡಿತು. ಹೋಟೆಲಿನಲ್ಲಿ ಬಡಿಸುವವರಿಗೆ ಬಟ್ಟೆಯ ಬಿಳುಪೇ ಮರ್ಯಾದೆ. ಅಪ್ಪನ ಪಂಚೆಯನ್ನು ಅಕ್ಕ ಪ್ರತಿ ವಾರ ವಾಷಿಂಗ್ ಸೋಡಾ ಹಾಕಿ ಕುದಿಸಿ, ಗಂಜಿ ಹಾಕಿ ಹಾಲಿನಂತೆ ಮಾಡುತ್ತಿದ್ದಳು. ಬಾವುಟಕ್ಕೂ ಹಾಗೇ ಮಾಡಿದರೆ ಅಪ್ಪ ಎಷ್ಟು ಖುಷಿಪಡಬಹುದು! ಅಕ್ಕ ಮಧ್ಯಾಹ್ನದ ಹಾಲಿಗಾಗಿ ಬೂತಿನ ಮುಂದೆ ಸಾಲು ನಿಲ್ಲಲು ಹೋಗಿದ್ದಳು. ನೀರು ಕುದಿಸಿ, ಸೋಡಾ ಸುರಿದು, ಬಾವುಟವನ್ನು ಮುಳುಗಿಸಿ ಕೋಲಿನಿಂದ ತಿರುವಿದೆ. ನೀರು ಮೊದಲು ಹಸಿರಾಯಿತು. ಆಮೇಲೆ ಕೇಸರಿಯೂ ಬಿಟ್ಟುಕೊಂಡಿತು. ಗಾಬರಿಯಿಂದ ಎಳೆದು ತೆಗೆದಾಗ ಬಿಳಿ ಪಟ್ಟಿಯೇ ಇರಲಿಲ್ಲ. ಇಡೀ ಬಟ್ಟೆ ಹಳಸಿದ ಸಾಂಬಾರಿನ ಬಣ್ಣಕ್ಕೆ ಬಂದಿತ್ತು.

ಅಕ್ಕ ಬಂದು ನನ್ನ ಕೈಯಿಂದ ಬಾವುಟ ತೆಗೆದುಕೊಂಡಳು, ಅಷ್ಟರಲ್ಲಿ ಅಪ್ಪ ಬಂದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ನಾನೇ ಒಗೆದದ್ದು ಅಪ್ಪಾ, ಗೊತ್ತಾಗಲಿಲ್ಲ" ಎಂದಳು. ನಾನು ಬಾಯಿ ಮುಚ್ಚಿಕೊಂಡೆ.

ಅಪ್ಪ ಬೈಯಲಿಲ್ಲ. ಹೊಡೆದಿದ್ದರೆ ಒಳ್ಳೆಯದಿತ್ತು. ಬಾವುಟವನ್ನು ಕೈಯಲ್ಲೇ ಹಿಡಿದು ಆರಿಸಿ, ನೆಲಕ್ಕೆ ತಾಗದಂತೆ ಮಡಿಚಿದರು. ಅಂಗೀಠಿಯ ಕೆಂಡ ಕೆದಕಿದರು. "ಟ್ರಂಕಲ್ಲೇ ಇರಲಿ ಅಪ್ಪಾ, ಅಮ್ಮನದಲ್ಲವಾ" ಎಂದು ನಾನು ಅತ್ತೆ.

"ಹಾರಿಸಲಿಕ್ಕಾಗದ್ದನ್ನು ಇಟ್ಟುಕೊಂಡರೆ ಒಂದು ದಿನ ಅದು ಮಸಿಬಟ್ಟೆ ಆಗ್ತದೆ ಮಗಾ, ಮರ್ಯಾದೆಯಿಂದ ಸುಡಬೇಕು" ಎಂದರು ಅಪ್ಪ. ಬಾವುಟವನ್ನು ಇಡಿಯಾಗಿ ಕೆಂಡದ ಮೇಲಿಟ್ಟು, ಬೂದಿಯಾಗುವವರೆಗೂ ಎದ್ದು ನಿಂತಿದ್ದರು. ಮರುದಿನ, ಸ್ವಾತಂತ್ರ್ಯ ದಿನದ ಅಲ್ಲಿನ ರೂಢಿಯಂತೆ, ದೆಹಲಿಯ ಎಲ್ಲ ತಾರಸಿಗಳ ಮೇಲೂ ಗಾಳಿಪಟಗಳು. ನಮ್ಮದರ ಮೇಲೆ ಬರೀ ಬಿದಿರು. ಆಮೇಲೆ ಎಷ್ಟೋ ದಿನ ಅಪ್ಪ ಅಕ್ಕನ ಕೈಯಿಂದ ಕಾಫಿ ಲೋಟ ತೆಗೆದುಕೊಳ್ಳಲಿಲ್ಲ. ಅವಳು ನೆಲದ ಮೇಲಿಟ್ಟು ಸರಿದ ಮೇಲೆ ಎತ್ತಿಕೊಳ್ಳುತ್ತಿದ್ದರು. ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ಆ ತಾರಸಿ ಮನೆಗೆ ಮತ್ತೆ ಬಾವುಟ ಬರಲಿಲ್ಲ. ಅಪ್ಪ ನಿಜ ತಿಳಿಯದೆಯೇ ಹೋದರು, ಅಕ್ಕನೂ ಹೋದಳು. ಕ್ಷಮೆ ಕೇಳೋಣವೆಂದರೆ ಈಗ ಯಾರೂ ಇಲ್ಲ.

ಮೊಮ್ಮಕ್ಕಳೇ, ಇದೇ ದೆಹಲಿಯ ಮಯೂರ್ ವಿಹಾರದ ನಿಮ್ಮ ಬಾಲ್ಕನಿಯಲ್ಲಿ ಈಗ ವರ್ಷವಿಡೀ ಬಾವುಟ ಹಾರಿಸಬಹುದು, ಹಗಲೂ ರಾತ್ರಿಯೂ. ಒಳ್ಳೆಯದೇ. ಆದರೆ ಹೋದ ಆಗಸ್ಟಿನಲ್ಲಿ ಕಟ್ಟಿದ್ದನ್ನು ಯಾರೂ ಇಳಿಸಲಿಲ್ಲ. ಬಿಸಿಲಿಗೆ ಕೇಸರಿ ಮಾಸಿತು, ಗಾಳಿಗೆ ಅಂಚು ಹರಿಯಿತು. ನನ್ನ ಕೈ ಅಲ್ಲಿಗೆ ಎಟುಕುವುದಿಲ್ಲ. ನಿಮಗೆ ಹೇಳಿದೆ, ಮತ್ತೆ ಮತ್ತೆ ಹೇಳಿದೆ. "ಛೋಡೋ ನಾ ಅಜ್ಜಾ, ಬಿಟ್ಟುಬಿಡಿ, ಹೊಸದು ಆರ್ಡರ್ ಮಾಡಿದೀವಿ" ಎಂದಿರಿ. ಹೊಸದು ಬಂತು. ಮೊನ್ನೆ ಕೆಳಗೆ ಕಾರು ತೊಳೆಯುವ ಭಯ್ಯಾನ ಬಕೆಟ್ಟಿನಲ್ಲಿ ಹಳೆಯದು ಕಂಡಿತು. ಅವನದೇನೂ ತಪ್ಪಿಲ್ಲ, ಕೊಟ್ಟದ್ದು ನಮ್ಮ ಮನೆಯಿಂದಲೇ. ಕೇಳಿ ತೆಗೆದುಕೊಂಡು ಬಂದೆ.

ಸುಡೋಣವೆಂದರೆ ಈ ಫ್ಲ್ಯಾಟಿನಲ್ಲಿ ಕೆಂಡವೆಲ್ಲಿದೆ? ಬಾಲ್ಕನಿಯಲ್ಲಿ ಹೊಗೆ ಕಂಡರೆ ಗಾರ್ಡ್ ಓಡಿ ಬರುತ್ತಾನೆ. ಒಗೆಯಲು ನನಗೆ ಇಂದಿಗೂ ಭಯ. ಎಣ್ಣೆಮಸಿಯ ಸಮೇತ ಮಡಿಚಿ ನನ್ನ ಕಪಾಟಿನಲ್ಲಿ ಪಂಚೆಗಳ ಕೆಳಗೆ ಇಟ್ಟಿದ್ದೇನೆ. ನಾನು ಹೋದ ಮೇಲೆ ಕಪಾಟು ಖಾಲಿ ಮಾಡುವಾಗ ಅದು ನಿಮಗೆ ಸಿಗುತ್ತದೆ. ಅಜ್ಜ ಈ ಕೊಳಕು ಬಟ್ಟೆಯನ್ನು ಏಕೆ ಇಟ್ಟುಕೊಂಡಿದ್ದ ಎಂದು ನಕ್ಕು, ಅದರಿಂದಲೇ ಕಪಾಟು ಒರೆಸುತ್ತೀರಿ.