ಬೇಯಿಸಿಟ್ಟ ನಾಲ್ಕು ತಂತಿ

ಉಡಿಗಾಲದ ಶಿವಮಲ್ಲುವಿಗೆ ಊಟ ಬಡಿಸುವುದು ಒಂದು ವಿದ್ಯೆ. ಅದು ಅವನ ಹೆಂಡತಿ ಶಶಿರೇಖಾಳಿಗೆ ಮಾತ್ರ ಗೊತ್ತು. ಅವನು "ಸಾಕು" ಎಂದು ತಟ್ಟೆಗೆ ಅಡ್ಡ ಕೈ ಹಿಡಿದರೆ ಇನ್ನೊಂದು ಸೌಟು ಸಾರು ಬೇಕು ಎಂದರ್ಥ. ನಿಜವಾಗಿ ಹೊಟ್ಟೆ ತುಂಬಿದ್ದರೆ ಏನೂ ಅನ್ನದೆ ಕೈ ತೊಳೆಯಲು ಎದ್ದುಬಿಡುತ್ತಾನೆ. ನಮ್ಮ ಸೀಮೆಯಲ್ಲಿ ಅರ್ಧ ಜನ ಹೀಗೇ. ನಂಟರ ಮನೆಯಲ್ಲಿ ಕೊಟ್ಟ ಕಾಫಿಯನ್ನು "ಈಗ್ ತಾನೆ ಆಯ್ತು" ಎಂದು ತಳ್ಳಿ, ಇನ್ನೊಂದು ಸಲ ಒತ್ತಾಯ ಮಾಡಲಿ ಎಂದು ಲೋಟದ ಕಡೆಯೇ ನೋಡುತ್ತ ಕೂರುವವರು. ಶಿವಮಲ್ಲು ಅವರನ್ನೆಲ್ಲ ಮೀರಿಸಿದ ಸಂಕೋಚದವನು.

ಹಗಲು ಚಾಮರಾಜನಗರದ ಅರಿಶಿನ ಮಂಡಿಯಲ್ಲಿ ತೂಕದ ಕೆಲಸ. ಮದುವೆ ಕಾಲದಲ್ಲಿ, ಗಣೇಶನ ಹಬ್ಬದಲ್ಲಿ ಸಂಜೆಯಾದರೆ ರಸಮಂಜರಿ, ಅಲ್ಲಿ ಅವನು ಬೇಸ್ ಗಿಟಾರ್ ನುಡಿಸುವವನು. ಹಾಡುವವರು ಮುಂದೆ, ಕೀಬೋರ್ಡಿನವನು ಪಕ್ಕದಲ್ಲಿ, ಡ್ರಮ್ಮಿನವನಿಗೆ ಎತ್ತರದ ಜಾಗ. ಶಿವಮಲ್ಲು ಎಲ್ಲರ ಹಿಂದೆ, ಸ್ಪೀಕರಿನ ಮರೆಯಲ್ಲಿ. ಯಾರಾದರೂ ಮುಂದೆ ಬಾ ಎಂದರೆ "ಇರ್ಲಿ ಬುಡಿ, ಇಲ್ಲೇ ಚೆನ್ನಾಗದೆ" ಎನ್ನುವನು. ಬೇಸ್ ಸದ್ದು ಕಿವಿಗೆ ಬೀಳುವುದಕ್ಕಿಂತ ಎದೆಗೆ ತಾಗುವುದೇ ಹೆಚ್ಚು, ಹಾಗಾಗಿ ಚಪ್ಪಾಳೆ ಹೊಡೆಯುವವರಿಗೆ ಅವನು ಅಲ್ಲಿದ್ದದ್ದೇ ಗೊತ್ತಾಗುತ್ತಿರಲಿಲ್ಲ. ಅವನಿಗೂ ಅದೇ ಹಿತವಾಗಿತ್ತು.

ಆ ಗಿಟಾರ್ ಅವನದಲ್ಲ. ದೊಡ್ಡಂಗಡಿ ಬೀದಿಯ ಗುರುಪಾದಸ್ವಾಮಿಯವರ ವಾದ್ಯದ ಅಂಗಡಿಯದು. ಆಗೆಲ್ಲ ಆರ್ಕೆಸ್ಟ್ರಾದವರಲ್ಲಿ ಸ್ವಂತ ವಾದ್ಯ ಇಟ್ಟುಕೊಂಡವರು ಯಾರಿದ್ದರು? ಗಿಟಾರು, ಆಂಪ್ಲಿಫೈಯರು, ಟೇಪು ಸುತ್ತುತ್ತ ದನಿಯನ್ನು ಎರಡೆರಡು ಸಲ ಕೇಳಿಸುವ ಎಕೋ ಪೆಟ್ಟಿಗೆ, ಎಲ್ಲವೂ ಗುರುಪಾದಣ್ಣನ ಅಂಗಡಿಯಿಂದ ಬಾಡಿಗೆಗೆ ಹೋಗಿ ಮರುದಿನ ಬೆಳಗ್ಗೆ ವಾಪಸ್ ಬರಬೇಕು. ಬೆಳಗ್ಗೆ ಬಾಗಿಲು ತೆರೆದರೆ ತಬಲದ ಚರ್ಮದ ವಾಸನೆ, ಹಾರ್ಮೋನಿಯಂ ಪೆಟ್ಟಿಗೆಯ ಮೆರುಗೆಣ್ಣೆಯ ವಾಸನೆ, ಅವೆರಡರ ಮೇಲೆ ಊದುಬತ್ತಿ. ಶಿವಮಲ್ಲು ಮಂಡಿಗೆ ಹೋಗುವ ದಾರಿಯಲ್ಲಿ ಆ ವಾಸನೆಗಾಗಿಯೇ ಒಂದು ಗಳಿಗೆ ನಿಲ್ಲುತ್ತಿದ್ದ. ಒಳಗಿನ ಗೋಡೆಯ ಮೊಳೆಯೊಂದರಲ್ಲಿ ಕಂದುಗೆಂಪು ಬಣ್ಣದ ಕಲ್ಕತ್ತೆಯ ಬೇಸ್ ಗಿಟಾರ್ ತೂಗುತ್ತಿತ್ತು. ಅದರ ಬೆನ್ನಿನಲ್ಲಿ ಶಿವಮಲ್ಲುವಿನ ಬೆಲ್ಟಿನ ಬಕಲ್ಲು ಗೀಚಿ ಗೀಚಿ ಅಂಗೈಯಗಲ ಮರ ಬಿಳಿಚಿಕೊಂಡಿತ್ತು.

ಬೇಸ್ ತಂತಿ ನಮ್ಮೂರಲ್ಲಿ ಸಿಗುವ ವಸ್ತುವಲ್ಲ, ಮೈಸೂರಿನಿಂದ ಬರಬೇಕು. ಬೆವರು, ಮೇಲೆ ಮಂಡಿಯ ಕೈಗಂಟಿದ ಅರಿಶಿನದ ಧೂಳು ಸೇರಿ ತಂತಿಗಳ ದನಿ ಸತ್ತುಹೋಗುತ್ತಿತ್ತು. ಆಗ ಅವನ್ನು ಬಿಚ್ಚಿ, ಮನೆಗೆ ತಂದು, ಕುದಿಯುವ ನೀರಿನಲ್ಲಿ ಬೇಯಿಸಿ, ಒರೆಸಿ ಒಣಗಿಸಿದರೆ ಇನ್ನಷ್ಟು ಕಾಲ ನುಡಿಯುತ್ತವೆ. ಇದನ್ನು ಕಲಿಸಿದವರೂ ಗುರುಪಾದಣ್ಣನೇ.

"ಊರೋರೆಲ್ಲ ಅರಿಶಿನ ಬೇಯಿಸ್ತಾರೆ, ನಮ್ಮನೇಲಿ ತಂತಿ ಬೇಯಿಸ್ತಾರೆ. ನನ್ ಸಾರಿನ್ ಪಾತ್ರೆನೇ ಬೇಕಿತ್ತಾ ಅದ್ಕೆ?" ಎಂದು ಶಶಿರೇಖಾ ಬೈಯುವಳು. ಬೈಯುತ್ತಲೇ ಒಲೆ ಉರಿ ಹೆಚ್ಚಿಸುವಳು.

ಗುರುಪಾದಣ್ಣ ಆ ಗಿಟಾರನ್ನು ಅವನಿಗೇ ಕೊಟ್ಟುಬಿಡಲು ನೋಡಿದ್ದು ಒಂದೆರಡು ಸಲವಲ್ಲ. ಪ್ರತಿ ಆಯುಧಪೂಜೆಗೂ ವಾದ್ಯಗಳಿಗೆಲ್ಲ ಕುಂಕುಮವಿಟ್ಟು, ಇದನ್ನು ಮೊಳೆಯಿಂದ ಇಳಿಸಿ ಅವನ ಕೈಗಿಡುವರು.

"ತಕ್ಕೊಂಡೋಗ್ಲಾ ಮಲ್ಲು. ನಿನ್ ಕೈ ಬುಟ್ಟು ಇನ್ನೊಬ್ರ ಕೈ ಕಂಡಿಲ್ಲ ಇದು."

"ಇರ್ಲಿ ಬುಡಿ ಅಣ್ಣ, ಎಲ್ಲಿದ್ರೇನು."

"ಅಳ್ದೆ ಇದ್ರೆ ಎತ್ತವ್ವನೂ ಹಾಲ್ ಕೊಡಕ್ಕಿಲ್ಲ ಕಣ್ಲಾ. ನೀನು ಅಳ್ದೆ ಇದ್ರೂ ನಾನು ಕೊಡ್ತಾವ್ನಿ. ತಕ್ಕೊ."

"ಮುಂದಿನ್ ವರ್ಸ ನೋಡನ ಬುಡಿ."

ಬೇಕಿಲ್ಲದೆ ಅಂದ ಮಾತಲ್ಲ ಅದು. ಆ ಗಿಟಾರಿನ ಮೇಲೆ ಅವನಿಗೆ ಪ್ರಾಣ. ಆದರೆ ಕೊಟ್ಟ ಕೂಡಲೇ ಕೈ ಚಾಚಿದರೆ ಆಸೆಬುರುಕ ಎಂದಾರು ಎಂಬ ಅಂಜಿಕೆ, ಹೇಗೂ ಮತ್ತೆ ಕೇಳುತ್ತಾರೆ ಎಂಬ ಧೈರ್ಯ. ಗುರುಪಾದಣ್ಣ ಮತ್ತೆ ಕೇಳುತ್ತಲೂ ಇದ್ದರು. ಹೀಗೆ ಕೊಡುವವರಿಗೂ ಬೇಡವೆನ್ನುವವನಿಗೂ ಅದೊಂದು ಪ್ರೀತಿಯ ಆಟವೇ ಆಗಿಹೋಗಿತ್ತು.

ಆಮೇಲೆ ಕಾಲ ಕೆಟ್ಟಿತು. ಬೇಸ್ ಸದ್ದನ್ನು ಕೀಬೋರ್ಡಿನವನ ಎಡಗೈ ನುಂಗಿತು, ಕೀಬೋರ್ಡನ್ನು ಪೆನ್‌ಡ್ರೈವ್ ನುಂಗಿತು. ಈಗ ಗಾಯಕರು ಸಂಗೀತವನ್ನು ಜೇಬಿನಲ್ಲಿ ತಂದು ಹಾಡಿಹೋಗುತ್ತಾರೆ. ಬಾಡಿಗೆಗೆ ಬರುವವರಿಲ್ಲದೆ ಅಂಗಡಿಯ ಅರ್ಧ ಬಾಗಿಲು ಹಗಲೂ ಮುಚ್ಚಿರುತ್ತಿತ್ತು. ಒಂದು ಬೆಳಗ್ಗೆ ಶಿವಮಲ್ಲು ಮನಸ್ಸು ಗಟ್ಟಿ ಮಾಡಿಕೊಂಡ. ಗಿಟಾರಿನ ನಾಲ್ಕೂ ತಂತಿಗಳನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು, "ಬೇಯಿಸ್ಕೊಂಡ್ ಬತ್ತೀನಿ ಅಣ್ಣ" ಎಂದ. ಈ ಸಲ ಆಯುಧಪೂಜೆಗೆ ಕೊಟ್ಟರೆ ಇಸಿದುಕೊಂಡೇಬಿಡಬೇಕು ಎಂಬುದು ಲೆಕ್ಕ.

ಗುರುಪಾದಣ್ಣ ನಕ್ಕರು. "ತಂತಿ ತಕ್ಕೊಂಡೋಯ್ತಿದ್ದೀಯ, ಮರ ಬುಟ್ಟೋಯ್ತಿದ್ದೀಯ."

ಅದೇ ವಾರ ಅವರು ಮಲಗಿದ್ದಲ್ಲೇ ಹೋಗಿಬಿಟ್ಟರು. ಅವರ ಮಗ ದಿಲೀಪನಿಗೆ ಜಿಲ್ಲಾ ಕಚೇರಿಯಲ್ಲಿ ಕೆಲಸ, ವಾದ್ಯಗಳ ಗೋಜು ಗೊತ್ತಿಲ್ಲ. ಅಂಗಡಿ ಖಾಲಿ ಮಾಡಬೇಕಾಗಿ, ಗೋಡೆಗೆ ಹಳೆಯ ವಾದ್ಯ ಬೇಕೆಂದು ಬಂದ ಗುಂಡ್ಲುಪೇಟೆಯ ಹೋಟೆಲಿನವರಿಗೆ ಎಲ್ಲವನ್ನೂ ಒಟ್ಟಿಗೆ ಕೊಟ್ಟುಬಿಟ್ಟ. ವ್ಯಾನು ಬಂದ ದಿನ ಶಿವಮಲ್ಲು ಅಲ್ಲೇ ಇದ್ದ. ಬರೀ ನಿಂತಿರಲಿಲ್ಲ. ಗಿಟಾರು ಎಲ್ಲಿ ತಾಗೀತೋ ಎಂದು ಹೆಗಲ ಟವಲನ್ನು ಸುತ್ತಿ ತಾನೇ ಎತ್ತಿ ವ್ಯಾನಿನೊಳಗೆ ಇಟ್ಟ. ಇದು ನಂಗಿರಲಿ ಎಂಬ ಎರಡು ಮಾತನ್ನು ಮಾತ್ರ ಅನ್ನಲಿಲ್ಲ. ಟವಲೂ ಅದರ ಜೊತೆಗೇ ಹೋಯಿತು.

ತಂತಿಗಳು ಅಟ್ಟ ಸೇರಿ ವರ್ಷಗಳೇ ಕಳೆದವು. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ದಿಲೀಪ ಸಿಕ್ಕ. ಮಾತಿಗೆ ಮಾತು ಬಂದು, ಆ ಗಿಟಾರು ಅಪ್ಪ ಇವನಿಗೆಂದೇ ಇಟ್ಟಿದ್ದು ಎಂದು ಗೊತ್ತಾದಾಗ ಹುಡುಗನ ಮುಖ ಸಪ್ಪಗಾಯಿತು.

"ಒಂದ್ ಮಾತು ಅಂದಿದ್ರೆ ಕೊಡ್ತಿದ್ನಲ್ಲ ಮಾಮ. ಆ ಹೋಟ್ಲೋರು ಗೋಡೆ ಬದಲಾಯಿಸ್ತಾವ್ರಂತೆ, ಹಳೇದೆಲ್ಲ ಗುಜರಿಗಂತೆ. ಬೇಗ ಹೋಗಿ ಕೇಳಿ."

ಮರುದಿನ ಬೆಳಗ್ಗೆ ಶಿವಮಲ್ಲು ಅಟ್ಟದಿಂದ ತಂತಿಗಳನ್ನು ಇಳಿಸಿ, ತುಕ್ಕು ಉಜ್ಜಿ, ಸಾರಿನ ಪಾತ್ರೆಯಲ್ಲಿ ಬೇಯಿಸಿದ. ಶಶಿರೇಖಾ ಬೈಯಲಿಲ್ಲ. ತನ್ನ ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಅವನ್ನು ಒರೆಸಿ ಸುತ್ತಿ ಚೀಲಕ್ಕೆ ಹಾಕಿದಳು.

"ನಾನೂ ಬತ್ತೀನಿ," ಎಂದಳು.

"ಬ್ಯಾಡ ಬುಡು, ಬಿಸ್ಲು."

ಊಟಿ ರಸ್ತೆಯ ಆ ಹೋಟೆಲಿನೊಳಗೆ ಕಾಲಿಟ್ಟ ಶಿವಮಲ್ಲುವಿಗೆ ಮೊದಲು ಗೋಡೆಯ ಮೇಲಿನ ಗಿಟಾರಿನ ಗುರುತೇ ಸಿಗಲಿಲ್ಲ. ಚಿನ್ನದ ಬಣ್ಣ ಬಳಿದು, ಸದ್ದು ಹಿಡಿಯುವ ಭಾಗವನ್ನು ಕಿತ್ತು, ಆ ತೂತಿಗೊಂದು ಬಣ್ಣದ ಬಲ್ಬು ಕೂರಿಸಿದ್ದರು. ಅವನು ಗೋಡೆಗೂ ಅದಕ್ಕೂ ನಡುವೆ ಕೈ ತೂರಿಸಿ ಬೆನ್ನು ಸವರಿದ. ಅಲ್ಲಿಗೆ ಬಣ್ಣ ಬಳಿದಿರಲಿಲ್ಲ. ಬಕಲ್ಲಿನ ಗೀರುಗಳು ಹಾಗೇ ಬೆರಳಿಗೆ ಸಿಕ್ಕವು.

ಮ್ಯಾನೇಜರ್ ಕನಕರಾಜು, ತೆರಕಣಾಂಬಿ ಕಡೆಯ ಹುಡುಗ, ಹತ್ತಿರ ಬಂದ. ಬೈಯಲು ಬಂದವನಲ್ಲ, ಒಳ್ಳೆಯ ಹುಡುಗನೇ.

"ಏನ್ ಅಂಕಲ್, ಗಿಟಾರ್ ನೋಡ್ತಿದ್ದೀರಾ?"

"ನಾನು ನುಡಿಸ್ತಿದ್ದಿದ್ದು ಸಾರ್ ಇದು. ಮೊದ್ಲು."

"ಹೌದಾ! ಮತ್ತೆ ಬೇಕಾದ್ರೆ ತಕೊಂಡೋಗಿ ಅಂಕಲ್. ಮಧ್ಯಾಹ್ನ ಗುಜರಿಯವ್ರು ಬರ್ತಾರೆ, ಹೆಂಗೂ ಅವ್ರ ಪಾಲಾಗ್ತದೆ."

ಶಿವಮಲ್ಲುವಿಗೆ ಅದೇ ಬೇಕಿತ್ತು. ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡ. ಬಾಯಿಂದ ಮಾತ್ರ, ಇಷ್ಟು ವರ್ಷ ಯಾವುದು ಬರುತ್ತಿತ್ತೋ ಅದೇ ಬಂತು.

"ಇರ್ಲಿ ಬುಡಿ ಸಾರ್. ನಿಮ್ಗ್ಯಾಕೆ ತೊಂದ್ರೆ."

"ಸರಿ ಅಂಕಲ್," ಎಂದ ಕನಕರಾಜು. ಅಷ್ಟರಲ್ಲಿ ಪ್ರವಾಸಿಗರ ಬಸ್ಸೊಂದು ಬಂದು ನಿಂತಿತು. ಅವನು ಅತ್ತ ಓಡಿದ.

ಶಿವಮಲ್ಲು ಕಾದ. ಒಂದು ಕಾಫಿ ತರಿಸಿಕೊಂಡು, ಗೋಡೆಯ ಹತ್ತಿರದ ಮೇಜಿನಲ್ಲೇ ಕೂತು ಕಾದ. ಕನಕರಾಜು ಅವನ ಮುಂದೆಯೇ ಎರಡು ಮೂರು ಸಲ ಓಡಾಡಿದ. ಒಮ್ಮೆ ನಕ್ಕ ಕೂಡ. ಈಗ ಕೇಳುತ್ತಾನೆ, ಈಗ ಕೇಳುತ್ತಾನೆ ಎಂದುಕೊಂಡು ಶಿವಮಲ್ಲು ಅರ್ಧ ಏಳುವುದು, ಮತ್ತೆ ಕೂರುವುದು. ಕೊನೆಗೆ ಮೇಜು ಖಾಲಿ ಮಾಡಿ ಎಂಬಂತೆ ಒಂದು ಸಂಸಾರ ಬಂದು ಪಕ್ಕದಲ್ಲಿ ನಿಂತಿತು. ಅವರ ಮುಂದೆಯೂ ಸಂಕೋಚಪಟ್ಟು ಎದ್ದ. ಮುಂದಿನ ಬಸ್ಸು ಹತ್ತಿ ಚಾಮರಾಜನಗರಕ್ಕೆ, ಅಲ್ಲಿಂದ ಊರಿಗೆ ಬಂದುಬಿಟ್ಟ.

ಶಶಿರೇಖಾ ಚೀಲ ನೋಡಿದಳು, ಮುಖ ನೋಡಿದಳು. ಮುದ್ದೆ ಇಟ್ಟು ಸಾರು ಬಿಟ್ಟಳು. ಅವನು "ಸಾಕು" ಎಂದು ಕೈ ಅಡ್ಡ ಹಿಡಿದ. ಅವಳು ಎಂದಿನಂತೆ ಆ ಕೈ ಸರಿಸಿ ಇನ್ನೊಂದು ಸೌಟು ಬಿಟ್ಟಳು. ಅಷ್ಟೇ ಸಾಕಾಯಿತು. ಶಿವಮಲ್ಲು ತಟ್ಟೆಯ ಮುಂದೆ ಚಿಕ್ಕ ಮಗುವಿನ ಹಾಗೆ ಅಳತೊಡಗಿದ.

"ಆ ಹುಡ್ಗ ಇನ್ನೊಂದ್ ಸಲ ಅನ್ನನಿಲ್ಲ ಕಣಮ್ಮಿ. ಒಂದೇ ಸಲ ಅಂದ, ಒಂಟೋದ."

ವಿಷಯ ತಿಳಿದದ್ದೇ ಅವಳು ಸೌಟು ಬಿಸಾಕಿ ಫೋನು ಹಿಡಿದಳು. ದಿಲೀಪನಿಂದ ನಂಬರ್ ಪಡೆದು ಹೋಟೆಲಿಗೆ ಮಾಡಿದಳು. ಕನಕರಾಜುವಿನ ದನಿ ಶಿವಮಲ್ಲುವಿಗೂ ಕೇಳಿಸುತ್ತಿತ್ತು.

"ಅಯ್ಯೋ, ಆಗ್ಲೇ ತುಂಬ್ಕೊಂಡು ಹೋದ್ರು ಅಮ್ಮ. ಅಂಕಲ್‌ಗೆ ಕೊಡ್ತೀನಿ ಅಂದೆ, ಬೇಡ ಅಂದ್ರಲ್ಲ ಅವ್ರು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಯಾರನ್ನು ಬೈಯುವುದು? ಆ ಹುಡುಗನದು ಏನೂ ತಪ್ಪಿಲ್ಲ. ಶಶಿರೇಖಾ ಫೋನನ್ನು ಕೆಳಗಿಟ್ಟು ಗಂಡನ ಪಕ್ಕದಲ್ಲಿ ಕೂತಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅಂದಳು:

"ಬೆಳಗ್ಗೆ ನಾನೂ ಬತ್ತೀನಿ ಅಂದೆ. ಬ್ಯಾಡ ಅಂದ್ರಿ. ನಾನಾದ್ರೂ ಇನ್ನೊಂದ್ ಸಲ ಕೇಳ್ಬೇಕಾಗಿತ್ತು."

ಮುದ್ದೆ ಆರಿ ಗಟ್ಟಿಯಾಯಿತು. ಬಾಗಿಲ ಹಿಂದಿನ ಗೂಟದಲ್ಲಿ ಚೀಲ ತೂಗುತ್ತಿತ್ತು. ಬೆಳಗ್ಗೆ ಬೇಯಿಸಿ ಒರೆಸಿದ ನಾಲ್ಕು ತಂತಿಗಳು ಅದರೊಳಗೆ, ಸೀರೆಯ ತುಂಡಿನಲ್ಲಿ, ಸುತ್ತಿಟ್ಟ ಹಾಗೇ ಇದ್ದವು.