ಲೋಕಣ್ಣ ಗದ್ದೆಗೆ ಇಳಿಸದ ಜೀಪು

ಲೋಕಣ್ಣ ಕಣ್ಣು ಮುಚ್ಚಿಕೊಂಡು ಎಂಜಿನ್ ಸದ್ದು ಕೇಳಿಯೇ ಗಾಡಿಯ ಜಾತಕ ಹೇಳಿಬಿಡುತ್ತಿದ್ದ ಎಂದು ಹೊಳೆನರಸೀಪುರದಿಂದ ಅರಕಲಗೂಡಿನವರೆಗೆ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಒಂದು, ಲೋಕಣ್ಣನಿಗೆ ಎಡಗಿವಿ ಕೇಳಿಸುತ್ತಲೇ ಇರಲಿಲ್ಲ; ಬಲಗಿವಿ ತನಗೆ ಬೇಕಾದಾಗ ಮಾತ್ರ ಕೇಳಿಸುತ್ತಿತ್ತು. ಎರಡು, ಅವನು ಕಣ್ಣು ಮುಚ್ಚುತ್ತಿದ್ದದ್ದು ಡೀಸೆಲ್ ಹೊಗೆಗೆ ಕಣ್ಣುರಿ ಬರುತ್ತಿದ್ದುದರಿಂದ. ಇದನ್ನು ಅವನ ಬಾಯಿಂದಲೇ ಹೊರಡಿಸಿದ್ದೇನೆ.

"ಮತ್ತೆ ಜನ ಯಾಕೆ ಹಾಗೆ ಹೇಳ್ತಾರೆ ಲೋಕಣ್ಣ?"

"ಏಳ್ಲಿ ಬುಡು ಲಾಯ್ರಮ್ಮ. ಜನದ್ ಬಾಯ್ಗೆ ಬ್ರೇಕ್ ಎಲ್ಲೈತೆ?"

ನಾನು ಲಾಯರ್ ಅಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮಾತಾಡುತ್ತಿದ್ದೆ, ಅಷ್ಟೇ. ಅವನಿಗೆ ಎರಡೂ ಒಂದೇ.

ಜನ ಹೇಳುವ ಇನ್ನೊಂದು ಮಾತು, ಲೋಕಣ್ಣ ಆರಿಸಿಕೊಟ್ಟ ಹಳೇ ಗಾಡಿ ಯಾವತ್ತೂ ಹುಸಿಯಾಗಲಿಲ್ಲ ಎಂಬುದು. ಅದರ ಮೇಲೂ ನನ್ನದೊಂದು ತಕರಾರಿದೆ.

ಅವನ ನಿಜವಾದ ಪದ್ಧತಿ ಬೇರೆಯೇ ಇತ್ತು. ಸರ್ಕಾರಿ ಜೀಪು ಓಡಿಸಿಯೇ ನಿವೃತ್ತನಾದ ಆಳು. ಕುಳ್ಳು, ಸದಾ ಬಿಳಿ ಪಂಚೆ, ಕಂಕುಳಲ್ಲಿ ಮಡಿಸಿದ ಗೋಣಿಚೀಲ. ಮಾರುವವರ ಮನೆಗೆ ಹೋದವನೇ ನಮಸ್ಕಾರ ಹೇಳಿ, ಚೀಲವನ್ನು ಗಾಡಿಯ ಕೆಳಗೆ ಹಾಸಿ, ಅಂಗಾತ ಮಲಗಿ ಒಳಗೆ ಸರಿದುಬಿಡುತ್ತಿದ್ದ. ಹೊರಗೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ಮಾರುವವರು ಆ ಪಾದಗಳಿಗೇ ಗಾಡಿಯ ಗುಣಗಾನ ಮಾಡಬೇಕಿತ್ತು. ಎಂಥ ಮಾತುಗಾರನೂ ಎರಡು ನಿಮಿಷದಲ್ಲಿ ಸೋಲುತ್ತಿದ್ದ.

ನಮ್ಮ ಮನೆ ಅರಕಲಗೂಡಿನ ಆಚೆ, ಟಾರು ರಸ್ತೆ ಬಿಟ್ಟು ಎರಡು ಮೈಲಿ ಒಳಗೆ. ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಅದು ದಾರಿ. ಮಳೆಗಾಲದಲ್ಲಿ ದಾರಿ ಎನ್ನುವುದು ಒಂದು ಅಭಿಪ್ರಾಯ. ಅಜ್ಜಿಯ ಮೂತ್ರಪಿಂಡಗಳು ಕೈಕೊಟ್ಟು, ವಾರಕ್ಕೆರಡು ಸಲ ಹಾಸನದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಶುರುವಾಗಿತ್ತು. ಮೊದಲ ಮಳೆಗಾಲದಲ್ಲಿ ಆಟೋ ಬರಲಿಲ್ಲ. ಸಾಲಾಗಿ ಎರಡು ಸರದಿ ತಪ್ಪಿ ಅಜ್ಜಿಯ ಕಾಲು ಕಂಬದಂತೆ ಊದಿಕೊಂಡು ಉಸಿರು ಸಿಕ್ಕಿಹಾಕಿಕೊಂಡಿತು. ಅಪ್ಪ ಅವಳನ್ನು ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಆಲೂಗೆಡ್ಡೆ ಮೂಟೆಗಳ ಮೇಲೆ ಮಲಗಿಸಿ, ಟಾರ್ಪಾಲು ಹೊದಿಸಿ ಸಾಗಿಸಿದ. ಅಂಥ ಏದುಸಿರಿನಲ್ಲೂ ಅಜ್ಜಿ, "ನೋಡ್ಕಂಡ್ ಓಡ್ಸ್ಲಾ. ಮೂಟೆ ಜತೆಗೆ ನನ್ನೂ ಮಂಡೀಲಿ ಇಳಿಸ್ಬುಟ್ಟೀಯಾ" ಎಂದಿದ್ದಳು. ಇನ್ನೊಮ್ಮೆ ಹೀಗೆ ತಪ್ಪಿದರೆ ನನ್ನನ್ನು ಕೇಳಬೇಡಿ ಎಂದರು ಡಾಕ್ಟರು.

ಮುಂದಿನ ಮಳೆಯೊಳಗೆ ಹಳ್ಳ ದಾಟುವ ಗಾಡಿ ಬೇಕಿತ್ತು. ಟ್ರ್ಯಾಕ್ಟರಿನದಲ್ಲದ ಸ್ಟೀರಿಂಗನ್ನು ಹಾಸನದ ಟ್ರಾಫಿಕ್ಕಿನಲ್ಲಿ ಹಿಡಿಯುವುದಿಲ್ಲ ಎಂದು ಅಪ್ಪ ಕೈ ಮುಗಿದ. ಆಗತಾನೇ ಲೈಸೆನ್ಸ್ ಮಾಡಿಸಿದ್ದ ಅಮ್ಮ ಒಪ್ಪಿದಳು, ಒಂದು ಷರತ್ತಿನ ಮೇಲೆ: "ನಾಕು ಚಕ್ರಾನೂ ಎಳೆಯೋ ಗಾಡಿ ಆದ್ರೆ ಓಡಿಸ್ತೀನಿ. ಇಲ್ಲಾಂದ್ರೆ ಅತ್ತೆನ ಕೂರಿಸ್ಕೊಂಡು ಹಳ್ಳಕ್ಕೆ ಇಳಿಯೋ ಧೈರ್ಯ ನಂಗಿಲ್ಲ." ಹೊಸ ಫೋರ್ ವೀಲ್ ಗಾಡಿಯ ಬೆಲೆ ಕೇಳಿ ಅಪ್ಪ ಫೋನನ್ನು ಹಸುಗೂಸಿನಂತೆ ಮೆಲ್ಲಗೆ ಕೆಳಗಿಟ್ಟ. ಹಾಗಾಗಿ ಅಜ್ಜಿ ತನ್ನ ತವರಿನ ಕಡೆಯ ಲೋಕಣ್ಣನಿಗೆ ಹೇಳಿಕಳಿಸಿದಳು.

ಬಂದವನು ಗಾಡಿಯ ಮಾತೇ ಎತ್ತಲಿಲ್ಲ. ಅಜ್ಜಿಯನ್ನು ಜಗಲಿಯ ಕಂಬ ಹಿಡಿಸಿ ನಿಲ್ಲಿಸಿದ.

"ಅಕ್ಕಾ, ಒಸಿ ಕಾಲೆತ್ತು ನೋಡಾನ."

"ಯಾಕ್ಲಾ, ಲಾಳ ಕಟ್ತೀಯೇನ್ಲಾ?"

ಬೈದುಕೊಂಡೇ ಎತ್ತಿದಳು. ಅವಳ ಪಾದ ಎದ್ದಷ್ಟು ಎತ್ತರಕ್ಕೆ ಒಂದು ದಾರ ಹಿಡಿದು, ಗಂಟು ಹಾಕಿ, ಜೇಬಿಗಿಟ್ಟುಕೊಂಡ. ನಾನು ಎರಡು ವಾರ ಕೂತು ಮಾಡಿದ ಪಟ್ಟಿಯನ್ನು ಮುಂದಿಟ್ಟೆ. ಯಾವ ಜೀಪು, ಎಷ್ಟು ಮೈಲೇಜು, ಬಿಡಿಭಾಗ ಎಲ್ಲಿ ಸಿಗುತ್ತದೆ, ಎಲ್ಲವೂ ಅದರಲ್ಲಿತ್ತು. ಮೇಲಿಂದ ಕೆಳಕ್ಕೆ ನೋಡಿ, "ಎಲ್ಲಾ ಸರಿ. ಇದ್ರಲ್ಲಿ ನಮ್ಮಕ್ಕ ಎಲ್ಲವ್ಳೆ?" ಎಂದ.

ಅಜ್ಜಿ ಪಟ್ಟಿಯಲ್ಲಿ ಇರಲಿಲ್ಲ.

ಮೊದಲು ನೋಡಿದ್ದು ದೊಡ್ಡಗದ್ದವಳ್ಳಿ ಕಡೆಯ ಒಬ್ಬ ಯುವಕನ ಕೆಂಪು ಜೀಪು. ಸೊಂಟದೆತ್ತರದ ಟೈರು, ನೆತ್ತಿಯ ಮೇಲೆ ಐದು ದೀಪ. ಅಪ್ಪ ಆಗಲೇ ಡ್ರೈವರ್ ಸೀಟಿನಲ್ಲಿ ಕೂತು ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುತ್ತಿದ್ದ. ಲೋಕಣ್ಣ ದಾರ ಹಿಡಿದ; ಮೆಟ್ಟಿಲು ಗಂಟಿಗಿಂತ ಒಂದು ಗೇಣು ಮೇಲಿತ್ತು. ಆಮೇಲೆ ಗೋಣಿಚೀಲ ಹಾಸಿ ಕೆಳಗೆ ಹೋಗಿ ಬಂದು ಕೇಳಿದ, "ಸಾ, ನಾಕೂ ಎಳೀತವಾ?"

"ಆನೆ ಎಳ್ದಂಗ್ ಎಳೀತದೆ ಸಾ!"

"ಅಂಗಾರೆ ಆ ಗದ್ದೆಗ್ ಒಸಿ ಇಳ್ಸಿ."

ಪಕ್ಕದಲ್ಲೇ ಆ ಯುವಕನ ಮನೆಯವರದೇ ಗದ್ದೆ, ನಾಟಿಗೆಂದು ಕೆಸರು ಮಾಡಿಟ್ಟಿದ್ದರು. ಅವನ ಮುಖ ಬಿಳಿಚಿಕೊಂಡಿತು. ಆದರೆ ಅಷ್ಟು ಜನರ ಮುಂದೆ ಹಿಂಜರಿಯುವುದೆಂತು? ಇಳಿಸಿದ. ಹಿಂದಿನ ಚಕ್ರಗಳು ಗಿರ್ರನೆ ತಿರುಗಿ ನಮಗೆಲ್ಲ ಕೆಸರಿನ ಅಭಿಷೇಕ ಮಾಡಿದವು. ಮುಂದಿನ ಎರಡು ಮಾತ್ರ ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರಂತೆ ಅಲ್ಲಾಡದೆ ಕೂತಿದ್ದವು.

"ಲಿವರ್ರು ಐತೆ, ಮುಂದಿನ್ ಚಕ್ರಾನೂ ಐತೆ. ಎಲ್ಡಕ್ಕೂ ಮಾತುಕತೆ ಇಲ್ಲ ಕಣವ್ವ," ಎಂದ ಲೋಕಣ್ಣ ಅಮ್ಮನಿಗೆ. ಡೀಸೆಲ್ ಉಳಿಯಲೆಂದು ಕೆಲವರು ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಶಾಫ್ಟನ್ನೇ ಬಿಚ್ಚಿ ಮೂಲೆಗೆ ಹಾಕುತ್ತಾರಂತೆ. ನಾಲ್ಕೂ ಚಕ್ರ ಎಳೆಯಲೆಂದು ಹಾಕುವ ಲಿವರ್ ಮಾತ್ರ ಉಳಿದಿರುತ್ತದೆ.

ಬರುವಾಗ ಬಸ್ಸಿನಲ್ಲಿ ಜಗಳ ತೆಗೆದೆ. "ಕೆಳಗೆ ಮಲಗಿದಾಗಲೇ ಗೊತ್ತಾಗಿತ್ತಲ್ವಾ? ಪಾಪ, ಅವನನ್ನ ಗದ್ದೆಗೆ ಯಾಕೆ ಇಳಿಸಿದ್ದು?"

"ನಾನೇಳಿದ್ರೆ ನಿಮ್ಮಪ್ಪ ಕೇಳ್ತಿರ್ಲಿಲ್ಲ. ಗದ್ದೆ ಏಳ್ತು, ಕೇಳ್ದ."

ಅಪ್ಪ ಕಿಟಕಿಯಾಚೆ ನೋಡುತ್ತಿದ್ದ.

ಹಾಸನದಲ್ಲಿ ಸಿಕ್ಕ ಎರಡನೆಯದು ನಾಲ್ಕೂ ಚಕ್ರದಲ್ಲಿ ಎಳೆಯುತ್ತಿತ್ತು. ದಾರದ ಗಂಟಿಗೂ ಸರಿಹೋಯಿತು. ಆದರೆ ಗಾಡಿಯ ಬುಡದ ಚೌಕಟ್ಟಾದ ಚಾಸಿಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರು. ಲೋಕಣ್ಣ ಕೆಳಗಿನಿಂದ ಸ್ಪ್ಯಾನರಿನಲ್ಲಿ ಎರಡು ಸಲ ತಟ್ಟಿದ್ದು ಕೇಳಿಸಿತು. ಹೊರಬಂದಾಗ ಅಂಗೈಯಗಲದ ತುಕ್ಕಿನ ಚೂರೊಂದು ಅವನ ಕೈಯಲ್ಲಿತ್ತು. ಅದನ್ನು ಮಾಲೀಕರಿಗೆ ಎರಡೂ ಕೈಯಲ್ಲಿ ಒಪ್ಪಿಸಿ, "ನಿಮ್ದು ಸಾ, ಮಡೀಕಳಿ" ಎಂದ.

ಆಮೇಲೆ ನೋಡಿದ ನಾಲ್ಕೈದರದೂ ಇದೇ ಕಥೆ. ನಮ್ಮ ಕೈಗೆಟುಕುವ ಬೆಲೆಗೆ ನಾಲ್ಕು ಚಕ್ರ ಎಳೆಯುವುದು ಸಿಕ್ಕರೆ ಬುಡ ತುಕ್ಕು. ಬುಡ ಗಟ್ಟಿ ಇದ್ದರೆ ಬೆಲೆ ನಮ್ಮದಲ್ಲ. ಮುಂಗಾರಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಅಜ್ಜಿ ಮೋಡ ನೋಡಿದಾಗಲೆಲ್ಲ ತನ್ನ ಕಾಲಿನ ಊತವನ್ನು ಒತ್ತಿ ನೋಡಿಕೊಳ್ಳುತ್ತಿದ್ದಳು.

ಕೊನೆಗೆ ಚನ್ನರಾಯಪಟ್ಟಣದ ಹತ್ತಿರ, ತೆಂಗಿನ ತೋಟದಲ್ಲಿ ಒಬ್ಬ ನಿವೃತ್ತ ಮೇಷ್ಟ್ರ ಬೂದುಬಣ್ಣದ ಜೀಪು. ಮಂಡಿನೋವು, ಕ್ಲಚ್ ಒತ್ತಲಾಗುವುದಿಲ್ಲ, ಅದಕ್ಕೇ ಮಾರುತ್ತೇನೆ ಎಂದರು ಮೇಷ್ಟ್ರು. ದಾರದ ಗಂಟು ಮೆಟ್ಟಿಲಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಲೋಕಣ್ಣ ಕೆಳಗೆ ಹೋದ. ಎಷ್ಟು ಹೊತ್ತಾದರೂ ಬರಲಿಲ್ಲ, ಪಾದಗಳೂ ಅಲ್ಲಾಡಲಿಲ್ಲ. "ನಿದ್ದೆ ಹೋದ್ರೇನೇ?" ಎಂದು ಅಮ್ಮ ನನ್ನ ಕಿವಿಯಲ್ಲಿ ಕೇಳಿದಳು.

ಹೊರಬಂದು ಪಂಚೆ ಕೊಡವಿಕೊಂಡ. "ಬುಡ ಕಲ್ಲಿದ್ದಂಗೈತೆ. ತಕ್ಕಳವ್ವ."

"ಗದ್ದೆಗೆ ಇಳಿಸಿ ನೋಡಲ್ವಾ?" ಎಂದೆ.

"ತೆಂಗಿನ್ ತ್ವಾಟದಲ್ಲಿ ಗದ್ದೆ ಎಲ್ಲಿಂದ ತರಾನ ಲಾಯ್ರಮ್ಮ?"

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ. ಈ ಗಾಡೀದು ಮುಂದಿನ—"

"ಮೇಷ್ಟ್ರೇ, ಇಷ್ಟ್ ದೂರ ಬಂದು ಎಳ್ನೀರ್ ಕುಡೀದೆ ಓಗಾದಾ?" ಎಂದ ಲೋಕಣ್ಣ.

ಮೇಷ್ಟ್ರು ಅವನನ್ನೇ ಒಂದು ಗಳಿಗೆ ನೋಡಿ, ಮಚ್ಚು ತೆಗೆದುಕೊಂಡು ತೋಟದೊಳಗೆ ನಡೆದರು. ಕಾಯಿ ಹಿಡಿದುಕೊಳ್ಳಲು ಅಮ್ಮ ಜೊತೆಗೆ ಹೋದಳು. ಬರುವುದು ಸ್ವಲ್ಪ ತಡವಾಯಿತು. ಎಳನೀರು ಕುಡಿದೆವು, ಗಾಡಿ ನಮ್ಮದಾಯಿತು.

ಆಮೇಲೆ ಎರಡು ವಾರ ಲೋಕಣ್ಣ ನಮ್ಮಲ್ಲೇ ಉಳಿದು ಅಮ್ಮನಿಗೆ ಹಳ್ಳ ಕಲಿಸಿದ. ಹೌದು, ಗಾಡಿಯಲ್ಲ, ಹಳ್ಳ. "ಗಾಡಿ ಇಳ್ಸಕ್ ಮುಂಚೆ ನೀನ್ ಇಳಿ" ಎಂದು ಚಪ್ಪಲಿ ಬಿಡಿಸಿ, ಕೋಲು ಕೊಟ್ಟು ನಡೆಸಿದ. ಎಲ್ಲಿ ಮರಳು, ಎಲ್ಲಿ ಜೇಡಿ, ಎಲ್ಲಿ ಗಟ್ಟಿ ನೆಲ ಎಂಬುದು ಅಂಗಾಲಿಗೆ ಗೊತ್ತಾಗಬೇಕಂತೆ. ದಡದ ಬಿಳಿ ಕಲ್ಲು ಮುಳುಗಿದ್ದರೆ ತಿರುಗಿಸಿಕೊಂಡು ಬರಬೇಕು. ಮುಳುಗುವ ಲಕ್ಷಣವಿದ್ದರೆ ಹಿಂದಿನ ದಿನವೇ ಹೊರಟು ಹಾಸನದಲ್ಲಿ ಉಳಿಯಬೇಕು. "ವಾಪಸ್ ಬರಾದೂ ಡ್ರೈವಿಂಗೇ ಕಣವ್ವ." ಹೊಸ ಟೈರು ಹಾಕಿಸಿದ. ಹಿಂದುಗಡೆ ಎರಡು ಚೀಲ ಮರಳು ಇಡಿಸಿದ. "ನೀರಿನ್ ಮುಂದೆ ನಿಲ್ಸು. ಗೇರಿನ್ ಪಕ್ಕದ್ ಸಣ್ಣ ಲಿವರ್ ಎಳಿ. ಆಮ್ಯಾಕೆ ಬ್ರೇಕೂ ಮುಟ್ಬ್ಯಾಡ, ಕ್ಲಚ್ಚೂ ಮುಟ್ಬ್ಯಾಡ. ಎಮ್ಮೆ ನಡ್ದಂಗೆ ಅದೇ ನಡೀತದೆ."

ನಡೆಯಿತು. ಲಿವರ್ ಎಳೆದರೆ ಗಾಡಿಯ ದನಿಯೇ ದಪ್ಪಗಾಗುತ್ತಿತ್ತು. ಎರಡು ಮಳೆಗಾಲ, ಒಂದು ಸರದಿಯೂ ತಪ್ಪಲಿಲ್ಲ. ಅಮ್ಮ ಊರವರ ಮುಂದೆ "ಫೋರ್ ವೀಲ್ ಅಂದ್ರೆ ಫೋರ್ ವೀಲೇ" ಎನ್ನುವಷ್ಟಾದಳು. ಹಿಂದಿನ ಸೀಟಿನಿಂದ ಅಜ್ಜಿ, "ನಿಧಾನಕ್ ಓಗೇ, ಆಸ್ಪತ್ರೆ ಏನ್ ಓಡೋಗಾಕಿಲ್ಲ" ಎಂದು ದಾರಿಯುದ್ದಕ್ಕೂ ಗದರುತ್ತಿದ್ದಳು. ಆಯಿಲ್ ಬದಲಿಸುವುದಕ್ಕೂ ಲೋಕಣ್ಣನೇ ಹೊಳೆನರಸೀಪುರದಿಂದ ಬರುತ್ತಿದ್ದ. ಬೇರೆಯವರ ಕೈಗೆ ಕೊಟ್ಟರೆ ಕೆಡಿಸುತ್ತಾರೆ ಎಂದು ಆಣೆ ಹಾಕಿಸಿಕೊಂಡಿದ್ದ.

ಅವನನ್ನು ಕೊನೆಯ ಸಲ ನೋಡಿದಾಗಲೂ ನೋಡಿದ್ದು ಪಾದಗಳನ್ನೇ. ನಮ್ಮ ಜೀಪಿನ ಕೆಳಗಿದ್ದ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೆಣಕಿದೆ: "ಲೋಕಣ್ಣ, ನೀನು ಗಾಡಿ ವಿಷಯದಲ್ಲಿ ತಪ್ಪೇ ಮಾಡಿಲ್ವಂತೆ. ನಾನು ನಂಬಲ್ಲ."

"ಮಾಡಿವ್ನಿ," ಎಂದಿತು ಒಳಗಿನ ದನಿ. "ನಿಂಗೇಳಾಕಿಲ್ಲ."

ಈ ಯುಗಾದಿ ಕಳೆದ ವಾರದಲ್ಲಿ ಲೋಕಣ್ಣ ಹೋದ. ಊಟ ಮಾಡಿ ಮಲಗಿದವನು ಏಳಲಿಲ್ಲವಂತೆ.

ಮೊನ್ನೆ ಅಜ್ಜಿಯ ಜೊತೆ ಅಮ್ಮ ಆಸ್ಪತ್ರೆಯಲ್ಲಿದ್ದಳು. ಮಳೆ ಶುರುವಾಗುವ ಮೊದಲು ಒಮ್ಮೆ ತೋರಿಸಿಬಿಡೋಣ ಎಂದು, ಈಚೆಗೆ ಓಡಿಸಲು ಕಲಿತಿದ್ದ ನಾನು ಹಾಸನದ ಒಂದು ಗ್ಯಾರೇಜಿಗೆ ಜೀಪು ಒಯ್ದೆ. ಮೆಕ್ಯಾನಿಕ್ ಅದನ್ನು ಮೇಲೆತ್ತಿ, ಕೆಳಗೆ ನಿಂತು, ನನ್ನನ್ನು ಕರೆದ.

"ಮೇಡಂ, ಇದ್ರ ಮುಂದಿನ ಶಾಫ್ಟ್ ಎಲ್ಲಿ?"

ಇರಲಿಲ್ಲ. ಬಿಚ್ಚಿ ಬಹಳ ವರ್ಷವಾಗಿದೆ ಎಂದ. ಸಣ್ಣ ಲಿವರ್ ಎಳೆದರೆ ಗೇರು ಇಳಿದು ಗಾಡಿ ನಿಧಾನವಾಗಿ, ಬಲವಾಗಿ ಹೋಗುತ್ತದೆ. ಆದರೆ ಎಳೆಯುವುದು ಹಿಂದಿನ ಎರಡೇ ಚಕ್ರ. "ಹುಡುಕಿದ್ರೆ ಹಳೇ ಶಾಫ್ಟ್ ಸಿಗ್ತದೆ. ಹಾಕಿಸ್ತೀರಾ?"

ನಾನು ಅಲ್ಲೇ ನಿಂತು ವಾದ ಹೂಡಿದೆ, ಇಲ್ಲದ ಮನುಷ್ಯನ ಜೊತೆ. ಕಾಣಲಿಲ್ಲವೆ? ಅಷ್ಟು ಹೊತ್ತು ಕೆಳಗೆ ಮಲಗಿದ್ದವನಿಗೆ ಕಾಣದಿರಲು ಸಾಧ್ಯವಿಲ್ಲ. ಹಾಗಾದರೆ ಸುಳ್ಳು ಹೇಳಿದನೆ? ಅದೂ ಇಲ್ಲ. ಬುಡ ಕಲ್ಲಿದ್ದಂಗೈತೆ ಎಂದ, ಇದ್ದದ್ದು ಹಾಗೆಯೇ. ನಾಲ್ಕೂ ಎಳೆಯುತ್ತವಾ ಎಂದು ನಾನು ಕೇಳಲೇ ಇಲ್ಲ. ಕೈಗೆಟುಕುವ ಬೆಲೆಗೆ ಗಟ್ಟಿ ಗಾಡಿ ಒಂದೇ ಇತ್ತು, ಮಳೆ ತಲೆಯ ಮೇಲಿತ್ತು, ಅಮ್ಮನಿಗೆ ಧೈರ್ಯಕ್ಕೊಂದು ಲಿವರ್ ಬೇಕಿತ್ತು. ಇದು ಮೋಸವೋ ಉಪಕಾರವೋ? ಎರಡು ಕಡೆಯಿಂದಲೂ ಮಾತಾಡಬಲ್ಲೆ. ಗೆದ್ದವರು ಯಾರೆಂದು ಹೇಳಲಾರೆ. ಶಾಫ್ಟ್ ಹಾಕಿಸಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ಹಾಕಿಸಬೇಕಾದರೆ ಅಮ್ಮನಿಗೆ ಹೇಳಬೇಕು. ಹೇಳಿದ ಮೇಲೆ, ಶಾಫ್ಟ್ ಸಿಗುವವರೆಗೆ ಅವಳು ಹಳ್ಳಕ್ಕೆ ಇಳಿಯುತ್ತಾಳೆಯೆ? ಅಜ್ಜಿಯ ಮುಂದಿನ ಸರದಿ ಶುಕ್ರವಾರ. "ಆಮೇಲೆ ಹೇಳ್ತೀನಿ" ಎಂದು ಮೆಕ್ಯಾನಿಕ್ಕಿಗೆ ಹೇಳಿ ಬಂದೆ.

ವಾಪಸ್ ಬರುವಾಗ ಅಮ್ಮನೇ ಓಡಿಸಿದಳು. ಅಜ್ಜಿ ಹಿಂದೆ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಮೇಲೆಲ್ಲೋ ಮಳೆಯಾಗಿ ಹಳ್ಳಕ್ಕೆ ಹೊಸ ಕೆಂಪು ನೀರು ಬಂದಿತ್ತು. ಅಮ್ಮ ನಿಲ್ಲಿಸಿದಳು, ಕೋಲು ಹಿಡಿದು ಇಳಿದು ನಡೆದು ನೋಡಿ ಬಂದಳು, ಒದ್ದೆ ಕಾಲನ್ನು ಸೆರಗಿನಲ್ಲಿ ಒರೆಸಿಕೊಂಡು ಸಣ್ಣ ಲಿವರಿನ ಮೇಲೆ ಕೈಯಿಟ್ಟಳು. ಎಳೆಯುವ ಮೊದಲು ಏಕೋ ನನ್ನ ಕಡೆ ತಿರುಗಿ, "ಗ್ಯಾರೇಜಿನಲ್ಲಿ ಏನಂದ್ರು?" ಎಂದಳು. ಅವಳ ತುಟಿಯಂಚಿನಲ್ಲಿ ನಗುವಿತ್ತೋ, ನನಗೆ ಹಾಗೆ ಕಂಡಿತೋ.

ಉತ್ತರಕ್ಕೆ ಬದಲಾಗಿ ನಾನೇ ಕೇಳಿದೆ:

"ಅಮ್ಮ, ಅವತ್ತು ಎಳನೀರು ತರೋಕೆ ತೋಟಕ್ಕೆ ಹೋದಾಗ ಮೇಷ್ಟ್ರು ನಿಂಗೆ ಏನು ಹೇಳಿದ್ರು?"